ಗಿಳಿ ಗುರುತಿನ ಕರಡಿಗೆ

ಕೊಪ್ಪದ ಬಸ್ ಸ್ಟ್ಯಾಂಡಿನ ಎದುರು ಸಾಲಿನಲ್ಲಿ ಒಂದೇ ಅಂಗಡಿಗೆ ಎರಡು ಬೋರ್ಡುಗಳಿದ್ದವು. ಹಳೆಯದರಲ್ಲಿ ವಾಚ್ ರಿಪೇರಿ ಎಂದಿತ್ತು, ಹೊಸದರಲ್ಲಿ ಮೊಬೈಲ್ ರೀಚಾರ್ಜ್. ಹೊಸದು ಕಾಂತೇಶನದು, ಹಳೆಯದು ಅವನ ತಾಯಿ ಅನ್ನಪೂರ್ಣಮ್ಮನದು. ಅಂಗಡಿಯ ಹಿಂದೆಯೇ ಮನೆ. ಗಂಡ ಮಂಜಯ್ಯ ತೀರಿಕೊಂಡಾಗ ಇನ್ನು ಆ ಬೋರ್ಡು ಇಳಿದ ಹಾಗೆಯೇ ಎಂದು ಊರು ಎಣಿಸಿತ್ತು. ಆಕೆ ಕಾರ್ಯ ಮುಗಿದ ಮರುದಿನವೇ ಗಂಡನ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಅವನ ಸ್ಟೂಲಿನ ಮೇಲೆ ಕೂತಳು. ಮದುವೆಯಾಗಿ ಬಂದಾಗಿನಿಂದ ಗಂಡನ ಹೆಗಲ ಮೇಲಿಂದ ಇಣುಕಿ ಇಣುಕಿ ಕಲಿತ ವಿದ್ಯೆ ಅದು.

ಇಣುಕುವುದು ಆಕೆಗೆ ಹುಟ್ಟಿನಿಂದ ಬಂದ ಗುಣ. ಗಿರಾಕಿಯಿಂದ ವಾಚಿಗಿಂತ ಮೊದಲು ವಾಚಿನ ಕಥೆ ಇಸಿದುಕೊಳ್ಳುತ್ತಿದ್ದಳು. ಯಾರು ಕೊಡಿಸಿದ್ದು, ಯಾವಾಗ ನಿಂತಿತು, ನಿಂತಾಗ ನೀವು ಎಂತ ಮಾಡ್ತಾ ಇದ್ರಿ? ಕೊನೆಯ ಪ್ರಶ್ನೆಗೂ ರಿಪೇರಿಗೂ ಎಂಥ ಸಂಬಂಧವೂ ಇರುತ್ತಿರಲಿಲ್ಲ. "ಅಮ್ಮ, ನಿನ್ನ ಹತ್ರ ವಾಚು ಕೊಡೋದೂ ಒಂದೇ, ಪೊಲೀಸರಿಗೆ ಹೇಳಿಕೆ ಕೊಡೋದೂ ಒಂದೇ" ಎಂದು ಕಾಂತೇಶ ಪಕ್ಕದ ಕೌಂಟರಿನಿಂದ ಗೊಣಗುತ್ತಿದ್ದ.

ಆಕೆಗೆ ಉತ್ತರ ಸಿಗದ ಪ್ರಶ್ನೆ ಒಂದೇ ಒಂದಿತ್ತು, ಅದೂ ಸ್ವಂತ ಅಣ್ಣನದು. ನರಸಿಂಹರಾಜಪುರದ ರೇಣುಕಪ್ಪ ತಂಗಿಯ ಮನೆಯಲ್ಲಿ ಒಂದು ರಾತ್ರಿಯೂ ಉಳಿದವನಲ್ಲ. ಬರುತ್ತಿದ್ದ, ಉಣ್ಣುತ್ತಿದ್ದ, ಸಂಜೆ ನಾಲ್ಕರ ಬಸ್ಸು ಎಂದು ಚಪ್ಪಲಿ ಮೆಟ್ಟುತ್ತಿದ್ದ. ಕಾಂತೇಶ ಹುಟ್ಟಿದಾಗಲೂ ಅಷ್ಟೆ, ಅವನ ಮದುವೆಯಲ್ಲೂ ಅಷ್ಟೆ. ಮಂಜಯ್ಯ ಸತ್ತ ದಿನ ಕೂಡ ಮಣ್ಣು ಮಾಡಿ ಬಂದವನು ತಂಗಿಯ ತಲೆ ಸವರಿ ಬಸ್ಸಿಗೆ ಹೊರಟುಬಿಟ್ಟ. ಕೇಳಿದರೆ "ಮನೇಲಿ ಕೆಲ್ಸ ಉಂಟು ಮಾರಾಯ್ತಿ" ಎನ್ನುತ್ತಿದ್ದ. ಎಂಥ ಕೆಲಸ ಎಂದರೆ ಬಾಯಿಗೆ ಬೀಗ. "ವಾಚ್ ರಿಪೇರಿಯವನ ಮನೆ ನಿನ್ನಣ್ಣಂಗೆ ಸಣ್ಣದಾಯ್ತು ಬಿಡು" ಎಂದು ಮಂಜಯ್ಯ ಎಷ್ಟೋ ಸಲ ಅಂದಿದ್ದ. ತಮಾಷೆಗೆ ಎಂಬಂತೆ ಅನ್ನುತ್ತಿದ್ದ, ಆದರೆ ಒಳಗೆ ನೋವಿತ್ತು. ಅದು ಅವನ ಜೊತೆಗೇ ಹೋಯಿತು.

೨೦೦೭ರ ಮಾಘದಲ್ಲಿ ರೇಣುಕಪ್ಪ ಬಚ್ಚಲಲ್ಲಿ ಜಾರಿ ಬಲಗೈ ಮುರಿದುಕೊಂಡ. ಹೆಂಡತಿ ದೇವಕಿ ಹೋಗಿ ಕೆಲವು ವರ್ಷ ಆಗಿತ್ತು. ಸೊಸೆ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ಮಗ ಬಸವೇಶನದು ಲಾರಿ ವ್ಯವಹಾರ, ಇವತ್ತು ಮಂಗಳೂರು ಅಂದರೆ ನಾಳೆ ಹುಬ್ಬಳ್ಳಿ. ಹಾಗಾಗಿ ಅನ್ನಪೂರ್ಣಮ್ಮ ಅಂಗಡಿಯನ್ನು ಮಗನಿಗೆ ಒಪ್ಪಿಸಿ ಬಸ್ಸು ಹತ್ತಿದಳು. ನೀನು ನಮ್ಮಲ್ಲಿ ಉಳಿಯದಿದ್ದರೆ ಏನಂತೆ, ನಾನು ನಿನ್ನಲ್ಲಿ ಉಳಿದು ತೋರಿಸುತ್ತೇನೆ ಎಂಬ ಹಟವೂ ಒಂದಿಷ್ಟಿತ್ತು.

ಮರುದಿನ ಬೆಳಿಗ್ಗೆ ಅಣ್ಣ ಪೂಜೆಗೆ ಕೂತ. ಇಬ್ಬರ ಕೊರಳಲ್ಲೂ ಲಿಂಗ ಇತ್ತು, ಆಕೆಯದು ಪುಟ್ಟ ಬೆಳ್ಳಿಯ ಕರಡಿಗೆಯಲ್ಲಿ, ಅವನದು ಬಿಳಿ ಬಟ್ಟೆಯಲ್ಲಿ. ಅವನು ತನ್ನ ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡ. ಪ್ಲಾಸ್ಟರಿನ ಬಲಗೈ ಮಾಡಬೇಕಾದ್ದನ್ನೆಲ್ಲ ತಂಗಿ ಮಾಡಿದಳು. ನೀರೆರೆದಳು, ವಿಭೂತಿ ಹಚ್ಚಿದಳು, ಬಿಲ್ವಪತ್ರೆ ಏರಿಸಿದಳು. ಎಲ್ಲ ಮುಗಿಯಿತು ಎಂದು ಏಳಹೊರಟಾಗ ಅಣ್ಣ ಗೋಡೆಯ ಗೂಡಿನ ಕಡೆ ಗಲ್ಲ ತೋರಿಸಿದ.

"ಅದಕ್ಕೂ ಒಂದು ಪತ್ರೆ ಇಡು."

ಗೂಡಿನೊಳಗೆ ಸಣ್ಣ ಮಣೆಯ ಮೇಲೆ, ಬಿಳಿ ಬಟ್ಟೆಯ ಕೆಳಗೆ, ಇನ್ನೊಂದು ಬೆಳ್ಳಿಯ ಕರಡಿಗೆ ಇತ್ತು. ದುಂಡನೆಯ ಹೊಟ್ಟೆ, ಎರಡು ಬದಿಗೆ ಎರಡು ಚೂಪು ಮೊನೆ, ದಾರ ಪೋಣಿಸುವ ಬಳೆಗಳು. ವಿಭೂತಿ ಮೆತ್ತಿ ಮೆತ್ತಿ ಕೆತ್ತನೆಯೆಲ್ಲ ಮುಚ್ಚಿಹೋಗಿತ್ತು. ಎತ್ತಿ ನೋಡಿದರೆ ಒಳಗೆ ಭಾರ.

"ಇದು ಯಾರದೋ ಅಣ್ಣ?"

"ಇಡು ಅಂದ್ರೆ ಇಡು. ಕೇಳಬೇಡ."

ಕೇಳಬೇಡ ಎಂದು ಅನ್ನಪೂರ್ಣಮ್ಮನಿಗೆ ಹೇಳುವುದೆಂದರೆ ಬೆಕ್ಕಿನ ಮುಂದೆ ಹಾಲಿಟ್ಟು ಕಣ್ಣು ಮುಚ್ಚಿಕೋ ಎಂದ ಹಾಗೆ. ಪತ್ರೆಯನ್ನೇನೋ ಇಟ್ಟಳು. ಆದರೆ ತಲೆ ಓಡತೊಡಗಿತು. ಲಿಂಗ ಕಟ್ಟಿದ ಮೇಲೆ ಉಸಿರಿರುವ ತನಕ ಅದು ಮೈಮೇಲೆ, ಉಸಿರು ಹೋದ ಮೇಲೆ ಅಂಗೈಯಲ್ಲಿ. ಕೂರಿಸಿ ಮಣ್ಣು ಮಾಡುವಾಗ ಎಡಗೈಯಲ್ಲಿಟ್ಟೇ ಕಳಿಸುವುದು. ಒಬ್ಬರ ಲಿಂಗ ಇನ್ನೊಬ್ಬರಿಗೆ ಬರುವುದಿಲ್ಲ, ಮನೆಯಲ್ಲಿ ಉಳಿಯುವುದಿಲ್ಲ. ಹಾಗಿದ್ದ ಮೇಲೆ ತುಂಬಿದ ಕರಡಿಗೆಯೊಂದು ಗೂಡಿನಲ್ಲಿ ಹೇಗೆ ಉಳಿಯಿತು? ಅತ್ತಿಗೆಯದಲ್ಲ, ಅವಳ ಕೈಯಲ್ಲಿ ಇಟ್ಟದ್ದನ್ನು ತಾನೇ ನೋಡಿದ್ದಳು. ಮತ್ತೆ ಯಾರದು?

ತಿಂಡಿಗೆ ಕೂತಾಗ ಕೇಳಿದಳು, ಎಲೆಯಡಿಕೆ ಮಡಿಸಿ ಕೊಡುವಾಗ ಕೇಳಿದಳು, ಅಂಗಿಯ ಗುಂಡಿ ಹಾಕುವಾಗ ಕೇಳಿದಳು. ಒಂದು ಕೈ ಇಲ್ಲದವನು ಎಲ್ಲಿಗೆ ಓಡಿಯಾನು? ಮಧ್ಯಾಹ್ನದ ಹೊತ್ತಿಗೆ ಸೋತು ಹೇಳಿದ.

"ಅಪ್ಪಯ್ಯಂದು."

ಅಪ್ಪಯ್ಯ ಹೋದದ್ದು ಆಕೆಯ ಮದುವೆಯಾದ ಮರುವರ್ಷ. ಕೊಪ್ಪದಿಂದ ಬರುವಷ್ಟರಲ್ಲಿ ಮಣ್ಣು ಮುಚ್ಚಿಯಾಗಿತ್ತು.

"ಅಪ್ಪಯ್ಯ ಲಿಂಗ ಬಟ್ಟೇಲಿ ಕಟ್ಕೊಳ್ತಿದ್ದಿದ್ದು ನಿಂಗೆ ಗೊತ್ತಲ್ಲ" ಎಂದ ರೇಣುಕಪ್ಪ. "ಅವತ್ತು ಅಯ್ಯನೋರು ಕೊರಳಿಂದ ಆ ಗಂಟು ತೆಗೆದು ಕೈಯಲ್ಲಿಟ್ರು. ಇಡುವಾಗ, 'ಎಂತ ಇದು ಇಷ್ಟು ಹಗುರ' ಅಂದ್ರು. ಹೊತ್ತು ಮುಳುಗ್ತಾ ಇತ್ತು, ಬಿಚ್ಚಿ ನೋಡ್ಲಿಲ್ಲ. ಆಮೇಲೆ ನಾನು ಅಪ್ಪಯ್ಯನ ಟ್ರಂಕು ತೆಗೆದ್ರೆ ತಳದಲ್ಲಿ ಇದು. ಬೆಳ್ಳಿ ಕರಡಿಗೆ, ಒಳಗೆ ಭಾರ. ಕರಡಿಗೆ ಒಳಗೆ ಲಿಂಗ ಅಲ್ದೆ ಇನ್ನೆಂತ ಇರ್ತದೆ ಹೇಳು. ಗಂಟಿನಲ್ಲಿ ಇದ್ದದ್ದು ಬರೀ ವಿಭೂತಿ ಗಟ್ಟಿ ಇರ್ಬೇಕು. ಅಪ್ಪಯ್ಯನ್ನ ಲಿಂಗ ಇಲ್ಲದೆ ಕಳಿಸಿಬಿಟ್ಟೆ ಅನ್ನಪೂರ್ಣ. ಹಿರೀಮಗ ಅಂತ ನಿಂತ್ಕೊಂಡು ನಾನೇ ಕಳಿಸಿದ್ದು."

"ತೆಗೆದು ನೋಡಿದ್ಯಾ?"

"ಅಪ್ಪಯ್ಯನ ಲಿಂಗ ನಾನು ಹೆಂಗೆ ನೋಡ್ಲಿ? ಇನ್ನೊಬ್ಬರದ್ದು ನೋಡ್ತಾರಾ ಯಾರಾದ್ರೂ?"

"ಅಯ್ಯನೋರನ್ನ ಕೇಳಬಹುದಿತ್ತು."

"ಕೇಳಿದ್ರೆ ತೆಗೆದು ನೋಡು ಅಂತಾರೆ. ನೋಡಿದ್ರೆ ಖಾತ್ರಿ ಆಗಿಬಿಡ್ತದೆ." ಅವನು ಪ್ಲಾಸ್ಟರಿನ ಮೇಲೆ ಬೆರಳಾಡಿಸಿದ. "ಅದಕ್ಕೇ ಎರಡು ಹೊತ್ತು ಪೂಜೆ ಮಾಡ್ತಾ ಬಂದೆ. ಅಪ್ಪಯ್ಯ ಮಾಡಬೇಕಾದ್ದು ನಾನು ಮಾಡೋದು, ಅಷ್ಟೇ. ನಾನು ಹೋಗುವಾಗ ನನ್ನ ಜೊತೆ ಮಣ್ಣಿಗೆ ಇಡ್ಲಿ."

ಅನ್ನಪೂರ್ಣಮ್ಮ ಗೂಡಿನ ಕಡೆ ಒಮ್ಮೆ ನೋಡಿ ಅಣ್ಣನ ಕಡೆ ತಿರುಗಿದಳು.

"ಅದಕ್ಕೇನೋ ನೀನು ನಮ್ಮ ಮನೇಲಿ ಉಳೀದೆ ಇದ್ದದ್ದು?"

"ಸಂಜೆ ಪೂಜೆಗೆ ಯಾರಿರ್ತಾರೆ?"

"ಜೊತೇಲಿ ತರೋದಲ್ವಾ ಮಾರಾಯ!"

"ತೀರಿಹೋದವರ ಲಿಂಗ ಹೊಸಿಲು ದಾಟೋದು ಮಣ್ಣಿಗೆ ಹೋಗೋಕೆ ಮಾತ್ರ. ಹಂಗಂತ ನಾನೇ ಅಂದ್ಕೊಂಡಿದ್ದು."

ಅಂದುಕೊಂಡಿದ್ದನಂತೆ! ಯಾವ ಶಾಸ್ತ್ರದಲ್ಲೂ ಇಲ್ಲದ ಕಟ್ಟಳೆಯನ್ನು ತಾನೇ ಹುಟ್ಟಿಸಿ, ತಾನೇ ಅದಕ್ಕೆ ಕೊರಳೊಡ್ಡಿ ಕೂತಿದ್ದ. ಆಕೆಗೆ ಅಳು ಮತ್ತು ಸಿಟ್ಟು ಒಟ್ಟಿಗೆ ಬಂದವು. ಒಂದು ಮಾತು ಹೇಳಿದ್ದರೆ ಮಂಜಯ್ಯ ಮನಸ್ಸು ಹಗುರ ಮಾಡಿಕೊಂಡು ಹೋಗುತ್ತಿದ್ದ. ಅದನ್ನು ಅಂದೇಬಿಟ್ಟಳು.

ಮರುದಿನ ಗೂಡಿನ ಕರಡಿಗೆಗೆ ಪತ್ರೆ ಇಡುವ ಮೊದಲು ಆಕೆ ಅದನ್ನು ಒದ್ದೆ ಬಟ್ಟೆಯಿಂದ ಒರೆಸಿದಳು. ಧೂಳು ಎಂಬುದು ನೆವ, ಕೆತ್ತನೆ ನೋಡುವ ಆಸೆ ನಿಜ. ಬಿಳಿಯ ಪದರ ಕರಗಿದಂತೆ ಒಂದೊಂದಾಗಿ ಎದ್ದು ಬಂದವು: ಮೇಲೆ ಕಾಲು ಮಡಿಸಿ ಕೂತ ನಂದಿ, ಅದರ ಸುತ್ತ ಬಿಲ್ವದ ಎಲೆಗಳು, ಪ್ರತಿ ಎಲೆಗೂ ನಡುನರ, ಅಂಚಿಗೆ ರವೆಯಷ್ಟು ಸಣ್ಣ ಬೆಳ್ಳಿಕಾಳುಗಳ ಸಾಲು. ತಳದಲ್ಲಿ, ಉಗುರಿನ ತುದಿಯಷ್ಟು ಜಾಗದಲ್ಲಿ ಒಂದು ಗಿಳಿ. ಕರಡಿಗೆಗೆ ಗಿಳಿ ಯಾಕೆ? ಹಾಗೆ ಯೋಚಿಸುತ್ತಲೇ ಬದಿಯ ಮೊನೆಯನ್ನು ಒರೆಸಿದಳು. ಎಡಗಡೆಯದು ಗಟ್ಟಿಯಾಗಿತ್ತು. ಬಲಗಡೆಯದು ಬೆರಳಿನ ನಡುವೆ ಕೂದಲೆಳೆಯಷ್ಟು ತಿರುಗಿತು.

ಅನ್ನಪೂರ್ಣಮ್ಮನ ಕೈ ಅಲ್ಲೇ ನಿಂತಿತು. ಅದು ವಾಚಿಗೆ ಕೀ ಕೊಡುವ ತಿರುಗು, ಆಕೆಯ ಬೆರಳಿಗೆ ಅನ್ನ ಕಲಸುವಷ್ಟು ಗುರುತಿನದು. ಮೊನೆಯ ಬುಡದಲ್ಲಿ ಸವೆದುಹೋದ ಸಣ್ಣ ಸಣ್ಣ ಗೀರುಗಳೂ ಇದ್ದವು, ಬೆರಳು ಜಾರದಿರಲೆಂದು ಹಾಕುವಂಥವು. ತನ್ನ ಕೊರಳಿನ ಕರಡಿಗೆಯ ಮೊನೆಗಳನ್ನು ಮುಟ್ಟಿ ನೋಡಿಕೊಂಡಳು. ಅವು ನುಣ್ಣಗಿದ್ದವು, ಎರಡೂ ತಿರುಗಲಿಲ್ಲ.

"ಎಂತ ಮಾಡ್ತಿದೀಯಾ?" ಎಂದ ಅಣ್ಣ ಹಿಂದಿನಿಂದ.

"ಧೂಳು" ಎಂದು ಪತ್ರೆ ಇಟ್ಟು ಎದ್ದಳು.

ಮಧ್ಯಾಹ್ನ ರೇಣುಕಪ್ಪ ಉಂಡು ಮಲಗಿದ. ಮನೆಯಲ್ಲಿ ಇನ್ನು ಯಾರೂ ಇಲ್ಲ. ಆಕೆ ಗೂಡಿನ ಮುಂದೆ ಕೂತಳು. ಮುಚ್ಚಳದ ಸಂದು ಕಣ್ಣಿಗೆ ಕಾಣುತ್ತಿರಲಿಲ್ಲ, ಉಗುರಿನಿಂದ ತಡವಿದರೆ ಸಿಕ್ಕೇ ಸಿಗುತ್ತಿತ್ತು. ಜನ್ಮದಲ್ಲಿ ಯಾವ ಮುಚ್ಚಳವನ್ನೂ ತೆಗೆಯದೆ ಬಿಟ್ಟವಳಲ್ಲ ಆಕೆ. ಆದರೂ ಉಗುರು ಮುಂದೆ ಹೋಗಲಿಲ್ಲ. ಒಳಗೆ ಗಡಿಯಾರವೇ ಇದ್ದರೂ ತಾನು ಕದ್ದು ತೆಗೆದು ಹೇಳಿದರೆ ಅಣ್ಣ ನಂಬುವುದಿಲ್ಲ. ಅಕಸ್ಮಾತ್ ಲಿಂಗವೇ ಇದ್ದರೆ? ಮೊನೆ ತಿರುಗಿದ್ದು ಹಳೆಯ ಬೆಸುಗೆ ಸಡಿಲಾಗಿ ಇದ್ದರೆ? ಆಗ ಅವನ ಭಯವನ್ನು ಖಾತ್ರಿ ಮಾಡಿದವಳು ತಾನಾಗುತ್ತೇನೆ. ಕೊನೆಗೆ ಅಡಿಗೆಮನೆಯಿಂದ ಟೀಪುಡಿ ಪೊಟ್ಟಣದ ಬೆಳ್ಳಿಕಾಗದ ತಂದು, ಕರಡಿಗೆಯ ಮೇಲೆ ಹಾಸಿ, ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದಳು. ನಂದಿ ಮೂಡಿತು, ಎಲೆ ಮೂಡಿತು, ತಳದ ಗಿಳಿಯೂ ಕೊಕ್ಕಿನ ಸಮೇತ ಮೂಡಿತು. ಕಾಗದವನ್ನು ಊದುಬತ್ತಿಯ ಖಾಲಿ ಡಬ್ಬಿಯಲ್ಲಿ ಜೋಪಾನ ಮಾಡಿದಳು.

ಬೆಳಿಗ್ಗೆ ಪೂಜೆ ಮುಗಿಸಿ, ಪಕ್ಕದ ಮನೆಯ ಸುಬ್ಬಿಗೆ ಊಟದ ವ್ಯವಸ್ಥೆ ಹೇಳಿ, ಅಂಗಡಿಯಲ್ಲಿ ಅರ್ಜೆಂಟು ಕೆಲಸ ಎಂದು ಸುಳ್ಳು ಹೇಳಿ ಬಸ್ಸು ಹತ್ತಿದಳು. ಕೊಪ್ಪದಲ್ಲಿ ಇಳಿದು ಅಂಗಡಿಯ ಕಡೆ ತಿರುಗಿಯೂ ನೋಡದೆ ಶೃಂಗೇರಿ ಬಸ್ಸಿಗೆ ಹಾರಿದಳು. ಈ ಸೀಮೆಯಲ್ಲಿ ಬೆಳ್ಳಿಯ ಮೇಲೆ ಅಷ್ಟು ಸಣ್ಣ ಕೆಲಸ ಮಾಡುವ ಕೈ ಇದ್ದರೆ ಅಲ್ಲೇ ಇರಬೇಕು.

ಶೃಂಗೇರಿಯಲ್ಲಿ ಯಾತ್ರಿಕರ ಗದ್ದಲ. ದೇವಸ್ಥಾನದ ದಾರಿಯ ಬೆಳ್ಳಿ ಅಂಗಡಿಗಳಲ್ಲಿ ಇದ್ದದ್ದೆಲ್ಲ ಮೆಷಿನ್ನಿನಲ್ಲಿ ಒತ್ತಿದ ಮಾಲು. ಬೆಳ್ಳಿಕಾಗದ ತೋರಿಸಿದರೆ ಒಬ್ಬ ನಕ್ಕ, ಇನ್ನೊಬ್ಬ ಟೀಪುಡಿಯ ಬ್ರಾಂಡು ಓದಿ ಹೇಳಿದ. ಮೂರನೆಯವನು ಮಾತ್ರ ಗಿಳಿಯನ್ನು ನೋಡಿ, "ಇದು ಪರಮೇಶ್ವರ ಆಚಾರಿಗಳ ಮನೇದು. ಹೊಳೆ ಕಡೆ ಗಲ್ಲಿ" ಎಂದ.

ಪರಮೇಶ್ವರ ಆಚಾರಿ ಜಗಲಿಯಲ್ಲಿ ಕೂತು ಬೆಳ್ಳಿಯ ತಗಡನ್ನು ಅರಗಿನ ಮೇಲಿಟ್ಟು ಹಿಂಬದಿಯಿಂದ ಮೆಲ್ಲಗೆ ಕುಟ್ಟುತ್ತಿದ್ದ. ಐವತ್ತು ದಾಟಿದ ತೆಳ್ಳನೆಯ ಮನುಷ್ಯ. ಕಾಗದ ನೋಡಿದವನೇ ಕೈ ತೊಳೆದುಕೊಂಡು ಬಂದು, ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ.

"ನಮ್ಮ ಅಜ್ಜನ ಗಿಳಿ" ಎಂದ ಕಡೆಗೆ. "ಎಲ್ಲಿ ಸಿಕ್ತು ನಿಮಗೆ?"

"ಅದಿರ್ಲಿ. ಕರಡಿಗೆ ಮೇಲೆ ಗಿಳಿ ಎಂತಕ್ಕೆ?"

"ಕರಡಿಗೆ ಆದ್ರೆ ಗಿಳಿ ಇರೋದಿಲ್ಲಮ್ಮ."

"ಇದೆಯಲ್ಲ ಇಲ್ಲಿ!"

"ಹಂಗಿದ್ರೆ ಇದು ಕರಡಿಗೆ ಅಲ್ಲ."

ಆಕೆ ಜಗಲಿಯ ತುದಿಯಲ್ಲಿ ಕೂತುಬಿಟ್ಟಳು. ಆಚಾರಿ ಒಳಗಿನಿಂದ ಎರಡು ವಸ್ತು ತಂದು ಮುಂದಿಟ್ಟ. ಒಂದು ಕುಂಕುಮದ ಭರಣಿ, ಇನ್ನೊಂದು ದೇವರ ಬೆಳ್ಳಿಯ ಹಸ್ತ. "ನೋಡಿಕೊಳ್ಳಿ" ಎಂದ. ಅನ್ನಪೂರ್ಣಮ್ಮ ಬುಟ್ಟಿಯಿಂದ ಭೂತಗನ್ನಡಿ ತೆಗೆದು ಕಣ್ಣಿಗೆ ಸಿಕ್ಕಿಸಿದಳು. ಭರಣಿಯ ತಳದಲ್ಲಿ ಗಿಳಿ ಇತ್ತು. ಹಸ್ತವನ್ನು ತಿರುಗಿಸಿ ಮುರುಗಿಸಿ ನೋಡಿದಳು, ಬೆರಳ ಸಂದಿಯನ್ನೂ ಬಿಡಲಿಲ್ಲ. ಎಲ್ಲೂ ಗುರುತಿಲ್ಲ.

"ಮನುಷ್ಯರು ಇಟ್ಕೊಳ್ಳೋ ಸಾಮಾನಿಗೆ ಗಿಳಿ ಒತ್ತುತೀವಿ" ಎಂದ ಆಚಾರಿ. "ದೇವರದ್ದಕ್ಕೆ ಒತ್ತೋದಿಲ್ಲ. ಲಿಂಗ ಇಡೋ ಕರಡಿಗೇನೂ ದೇವರದ್ದೇ. ಅದರ ಮೇಲೆ ನಾನು ಮಾಡಿದ್ದು ಅಂತ ಯಾರು ಬರೀತಾರೆ? ಅಜ್ಜನ ಕಾಲದಿಂದ ಹಂಗೇ."

"ಅಜ್ಜ ಮರೆತು ಒತ್ತಿದ್ರೆ?"

"ನೀವು ಮರೆತು ಚಪ್ಪಲಿ ಹಾಕ್ಕೊಂಡು ಪೂಜೆಗೆ ಕೂರ್ತೀರಾ?"

ಆಕೆಗೆ ನಗು ಬಂತು. ಮುಂದಿನ ಪ್ರಶ್ನೆ ಕೇಳುವ ಮೊದಲೇ ಆಚಾರಿಯೇ ಹೇಳತೊಡಗಿದ. ಅಜ್ಜನಿಗೆ ಕೊರಳಿಗೆ ಹಾಕುವ ಗಡಿಯಾರದ ಗೂಡು ಮಾಡುವ ಹುಚ್ಚು ಹತ್ತಿತ್ತಂತೆ. ಬೊಂಬಾಯಿಯಿಂದ ಬರುವ ಸಣ್ಣ ಹೆಂಗಸರ ಗಡಿಯಾರದ ಯಂತ್ರ ತೆಗೆದು, ಒಂದನ್ನು ಶಂಖದೊಳಗೆ ಕೂರಿಸಿದ, ಒಂದನ್ನು ತಾವರೆಯ ಮೊಗ್ಗಿನೊಳಗೆ. ಮೊಗ್ಗಿನ ಅಚ್ಚು ಇನ್ನೂ ಮನೆಯಲ್ಲಿತ್ತು. ಹಿತ್ತಾಳೆಯ ಆ ಅಚ್ಚಿನ ಪಕಳೆಗಳ ಮೇಲೆ ಅನ್ನಪೂರ್ಣಮ್ಮ ಬೆರಳಾಡಿಸಿದಳು. ಯಂತ್ರಕ್ಕೆ ಎಷ್ಟು ಜಾಗ ಬಿಡುತ್ತಿದ್ದರು, ಕೀ ಕೊಡುವ ತಲೆಯನ್ನು ಎಲ್ಲಿ ಅಡಗಿಸುತ್ತಿದ್ದರು, ಧೂಳು ಹೋಗದ ಹಾಗೆ ಏನು ಮಾಡುತ್ತಿದ್ದರು ಎಂದು ಕೇಳಿ ಕೇಳಿ ಅವನ ಕಾಫಿ ಆರಿಸಿದಳು.

"ಕೊನೇದು ಕರಡಿಗೆ ಥರದ್ದು" ಎಂದ ಆಚಾರಿ. "ನರಸಿಂಹರಾಜಪುರದ ಕಡೆ ಅಡಿಕೆ ಸಾಹುಕಾರರು ಒಬ್ಬರು ಹೇಳಿ ಮಾಡಿಸಿದ್ರಂತೆ. ಆಮೇಲೆ ಯಾರೋ, ಲಿಂಗದ ಗೂಡಿನಲ್ಲಿ ಟಿಕ್ ಟಿಕ್ ಇಡ್ತೀಯಾ ಅಂತ ಬೈದ್ರಂತೆ. ಅಜ್ಜನಿಗೆ ಮನಸ್ಸಿಗೆ ನಾಟಿತು. ಮತ್ತೆ ಮಾಡ್ಲಿಲ್ಲ."

ಸಾಹುಕಾರರ ಹೆಸರು ಅವನಿಗೆ ಗೊತ್ತಿರಲಿಲ್ಲ, ಆಕೆಗೆ ಅದು ಬೇಕಾಗಿಯೂ ಇರಲಿಲ್ಲ: ಅಪ್ಪಯ್ಯನದು ಅಡಿಕೆ ವ್ಯಾಪಾರ. ತೆಗೆಯುವ ಬಗೆ ಗೊತ್ತಿತ್ತು. ನಂದಿಯ ಹಿಣಿಲನ್ನು, ಅಂದರೆ ಬೆನ್ನಿನ ಡುಬ್ಬವನ್ನು, ಒತ್ತಬೇಕು, ಎಲೆಯ ನಡುನರವೇ ಕೀಲು. ಬಾಗಿಲು ಎಂದೇ ಗೊತ್ತಾಗಬಾರದು, ಅದು ಅಜ್ಜನ ಜಂಬ.

ಸಂಜೆ ಪೂಜೆಯ ಹೊತ್ತಿಗೆ ಸರಿಯಾಗಿ ಆಕೆ ನರಸಿಂಹರಾಜಪುರ ಮುಟ್ಟಿದಳು. ಪೂಜೆ ಮುಗಿಯುವ ತನಕ ತಡೆದುಕೊಂಡದ್ದೇ ಹೆಚ್ಚು. ಆಮೇಲೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಳು.

ರೇಣುಕಪ್ಪ ಕುಣಿದಾಡುತ್ತಾನೆ ಎಂದು ಎಣಿಸಿದ್ದಳು. ಅವನು ಕೆರಳಿದ.

"ಅಪ್ಪಯ್ಯನ ಲಿಂಗದ ಗುರುತನ್ನ ಟೀಪುಡಿ ಕಾಗದದಲ್ಲಿ ಒತ್ಕೊಂಡು ಶೃಂಗೇರಿ ಅಂಗಡಿ ಅಂಗಡಿಗೆ ತೋರಿಸ್ಕೊಂಡು ಬಂದ್ಯಾ?"

"ಲಿಂಗ ಅಲ್ಲ ಅಂತಾನೇ ಹೇಳ್ತಿರೋದು!"

"ಅದನ್ನ ಹೇಳೋಕೆ ಆ ಆಚಾರಿ ಯಾರು? ನೀನು ಯಾರು?"

"ನಾನು ಅಪ್ಪಯ್ಯನ ಮಗಳು. ಲಿಂಗ ಇಲ್ಲದೆ ಹೋದ ಅಂತ ನೀನೊಬ್ಬನೇ ಬೇಯ್ಬೇಕಾ?"

ಅವನು ಎದ್ದು ಒಳಗೆ ಹೋದ. ರಾತ್ರಿ ಮಾತಿಲ್ಲ, ಬೆಳಿಗ್ಗೆಯೂ ಮಾತಿಲ್ಲ. ಪೂಜೆಗೆ ಕೂತಾಗ ಆಕೆ ನೀರೆರೆದಳು, ಪತ್ರೆ ಏರಿಸಿದಳು. ಗೂಡಿನ ಕಡೆ ಹೋಗಲಿಲ್ಲ. ಅವನೂ ಗಲ್ಲ ತೋರಿಸಲಿಲ್ಲ. ಕೊನೆಗೆ ಅವನೇ ಸಣ್ಣ ಸ್ವರದಲ್ಲಿ, "ಒಳಗೆ ಗಡಿಯಾರ ಇದ್ರೆ, ನಾನು ಇಷ್ಟು ವರ್ಷ ಪೂಜೆ ಮಾಡಿದ್ದು ಎಂತದ್ದಕ್ಕೆ?" ಎಂದ.

ಓಹೋ, ಹೆದರಿಕೆ ಇದು ಎಂದು ಆಕೆಗೆ ಆಗ ತಿಳಿಯಿತು. ಲಿಂಗ ಇದ್ದರೆ ಅಪ್ಪಯ್ಯನಿಗೆ ದ್ರೋಹವಾಯಿತು, ಇಲ್ಲದಿದ್ದರೆ ತನ್ನ ಬಾಳೆಲ್ಲ ನಗೆಪಾಟಲು. ಎರಡಕ್ಕೂ ಹೆದರಿ ಮುಚ್ಚಳ ಮುಚ್ಚಿಟ್ಟಿದ್ದ ಪುಣ್ಯಾತ್ಮ.

"ನೀನು ಪೂಜೆ ಮಾಡಿದ್ದು ಅಪ್ಪಯ್ಯನಿಗೋಸ್ಕರ" ಎಂದಳು. "ಅದು ಅವನಿಗೆ ಸಂದಿದೆ. ಗಡಿಯಾರ ಎಂತ ಮಧ್ಯದಲ್ಲಿ ಕಮಿಷನ್ ತಗೊಂಡಿತಾ?"

ರೇಣುಕಪ್ಪನ ತುಟಿ ಅಲುಗಿತು. ನಗುವೋ ಅಳುವೋ ತಿಳಿಯಲಿಲ್ಲ. ಎಡಗೈ ಚಾಚಿದ. ಆಕೆ ಗೂಡಿನಿಂದ ಕರಡಿಗೆಯನ್ನು ತಂದು ಆ ಅಂಗೈಯಲ್ಲಿ ಇಟ್ಟಳು.

"ನನಗೆ ಇನ್ನೊಂದು ಕೈ ಇಲ್ಲ. ನೀನೇ ಒತ್ತು" ಎಂದು ಕಣ್ಣು ಮುಚ್ಚಿಕೊಂಡ.

ಆಕೆ ಹೆಬ್ಬೆರಳನ್ನು ನಂದಿಯ ಹಿಣಿಲ ಮೇಲಿಟ್ಟು ಒತ್ತಿದಳು. ಏನೂ ಆಗಲಿಲ್ಲ. ವಿಭೂತಿ ಕಟ್ಟಿಕೊಂಡಿತ್ತು. ಒಂದು ತೊಟ್ಟು ಎಣ್ಣೆ ಬಿಟ್ಟು, ಕಾದು, ಮತ್ತೆ ಒತ್ತಿದಳು. ಸಣ್ಣಗೆ ಟಕ್ ಎಂದಿತು. ಬಿಲ್ವದ ಎಲೆಗಳು ನಡುನರದಲ್ಲಿ ಬಿರಿದು ಮುಚ್ಚಳ ಮೇಲೆದ್ದಿತು.

"ಕಣ್ಣು ಬಿಡೋ ಅಣ್ಣ."

ಅಂಗೈಯಲ್ಲಿ ಗಡಿಯಾರ ಇತ್ತು. ಬೆಳ್ಳಿಯ ಮುಖ, ಅದರಲ್ಲಿ ಕಪ್ಪು ಅರಗು ತುಂಬಿದ ಕನ್ನಡದ ಅಂಕಿಗಳು, ಹನ್ನೆರಡರ ಜಾಗದಲ್ಲಿ ಅಂಕಿಯ ಬದಲು ಒಂದು ಬಿಲ್ವದೆಲೆ. ಅಂಚಿನಲ್ಲಿ ಸಾಸಿವೆಯಷ್ಟು ಸಣ್ಣ ಎರಡು ಕೆಂಪು ಹರಳು, ಐದೂವರೆಗೆ ಒಂದು, ಆರೂವರೆಗೆ ಒಂದು. ಅನ್ನಪೂರ್ಣಮ್ಮ ಭೂತಗನ್ನಡಿ ಸಿಕ್ಕಿಸಿ ಬಗ್ಗಿದವಳು ಲೋಕವನ್ನೇ ಮರೆತಳು. ಮಂಜಯ್ಯನ ಅಂಗಡಿಗೆ ಇಂಥದ್ದು ಒಂದೂ ಬಂದಿರಲಿಲ್ಲ.

"ಇದೆಂತಕ್ಕೆ ಈ ಹರಳು?" ಎಂದು ತನ್ನಷ್ಟಕ್ಕೆ ಕೇಳಿಕೊಂಡಳು.

"ಪೂಜೆ ಹೊತ್ತು" ಎಂದ ರೇಣುಕಪ್ಪ. "ಬೆಳಿಗ್ಗೆ ಐದೂವರೆ, ಸಂಜೆ ಆರೂವರೆ. ಅಪ್ಪಯ್ಯಂದು ಅದೇ ಹೊತ್ತು. ಮಂಡಿಯಿಂದ ಮಂಡಿಗೆ ಅಲೀತಾ ಹೊತ್ತು ತಪ್ತದೆ ಅಂತ ಕೊರಗ್ತಿದ್ದ." ಆಮೇಲೆ ನೆನೆಸಿಕೊಂಡು ಹೇಳಿದ, "ಅಮ್ಮ ಒಂದ್ಸಲ ಜಗಳ ಆಡಿದ್ಳು, ಅದನ್ನ ಕೊರಳಿಗೆ ಹಾಕ್ಕೊಂಡ್ರೆ ನಾನು ಬಾವಿಗೆ ಬೀಳ್ತೀನಿ ಅಂತ. ಎಂತದ್ದನ್ನ ಅಂತ ನಂಗೆ ಅವತ್ತು ಗೊತ್ತಾಗ್ಲಿಲ್ಲ."

ಅಮ್ಮನಿಗೆ ಹೆದರಿ ಟ್ರಂಕಿನ ತಳಕ್ಕೆ ಹಾಕಿದ ಅಪ್ಪಯ್ಯ, ಅದಕ್ಕೆ ಹೆದರಿ ಗೂಡಿನಲ್ಲಿಟ್ಟ ಮಗ. ಸರಿಯಾದ ವಂಶ ಎಂದುಕೊಂಡಳು ಅನ್ನಪೂರ್ಣಮ್ಮ. ಆದರೆ ಅಣ್ಣನ ಮುಖ ನೋಡಿ ಆ ಮಾತನ್ನು ನುಂಗಿದಳು.

"ಬೆಳ್ಳಿ ಇಲ್ದೆ ಬರೀ ಬಟ್ಟೇಲಿದ್ದ ಲಿಂಗ, ಅದಕ್ಕೇ ಗಂಟು ಹಗುರ ಆಗಿದ್ದದ್ದು. ಅಪ್ಪಯ್ಯ ಲಿಂಗ ಹಿಡ್ಕೊಂಡೇ ಹೋಗಿದಾನೆ" ಎಂದ ರೇಣುಕಪ್ಪ. ಮತ್ತೊಮ್ಮೆ ಅದನ್ನೇ ಅಂದ. ಆಮೇಲೆ ತಂಗಿಯ ಎದುರು ಅಂಜಿಕೆಯಿಲ್ಲದೆ ಅತ್ತ. ಆಕೆ ಸೆರಗಿನಿಂದ ಅವನ ಮುಖ ಒರೆಸಿದಳು. ಒರೆಸಿಕೊಳ್ಳಲು ಅವನ ಕೈ ಎರಡೂ ಖಾಲಿ ಇರಲಿಲ್ಲ.

"ಓಡ್ತದಾ ಇದು?" ಎಂದು ಕಡೆಗೆ ಕೇಳಿದ.

"ಇಲ್ಲಿ ಆಗೋದಿಲ್ಲ. ಅಂಗಡಿಗೆ ತಗೊಂಡು ಹೋಗ್ಬೇಕು."

ಅವನು ಹೊಸಿಲನ್ನು ನೋಡಿದ. ಅಂಗಿ ಹಾಕಿಸು ಎಂದ.

ಕೊಪ್ಪಕ್ಕೆ ಬಂದಾಗ ಮಧ್ಯಾಹ್ನ. ಅನ್ನಪೂರ್ಣಮ್ಮ ಯಂತ್ರವನ್ನು ಬಿಚ್ಚಿ, ಪೆಟ್ರೋಲಿನಲ್ಲಿ ತೊಳೆದು, ಚಕ್ರ ಚಕ್ರವನ್ನೂ ಒರೆಸಿದಳು. ಹಳೆಯ ಎಣ್ಣೆ ಹಲಸಿನ ಮೇಣದ ಹಾಗೆ ಗಟ್ಟಿಯಾಗಿತ್ತು, ಸ್ಪ್ರಿಂಗು ಮಾತ್ರ ಗಟ್ಟಿಮುಟ್ಟಾಗಿತ್ತು. "ಅಷ್ಟೆಲ್ಲ ಎಂತಕ್ಕೆ ಅಮ್ಮ, ಬ್ಯಾಟರಿ ಮೆಷಿನ್ ಕೂರಿಸಿಬಿಡು" ಎಂದ ಕಾಂತೇಶನಿಗೆ ತಾಯಿ ಮತ್ತು ಸೋದರಮಾವ ಇಬ್ಬರೂ ಒಟ್ಟಿಗೆ ಬೈದರು. ರೇಣುಕಪ್ಪ ಪಕ್ಕದಲ್ಲೇ ಕುರ್ಚಿ ಎಳೆದು ಕೂತು, ಇದೆಂತ, ಅದ್ಯಾಕೆ ಹಂಗೆ, ಆ ಕೂದಲಿನಂಥದ್ದು ಎಂತ ಮಾಡ್ತದೆ ಎಂದು ಕೇಳುತ್ತಲೇ ಇದ್ದ. ಇಣುಕುವ ಗುಣ ತನಗೊಬ್ಬಳಿಗೇ ಬಂದದ್ದಲ್ಲ ಎಂದು ಆಕೆಗೆ ಆವತ್ತು ಗೊತ್ತಾಯಿತು.

ಬೆಳಕು ಇಳಿಯುವ ಹೊತ್ತಿಗೆ ಬಲಗಡೆಯ ಮೊನೆಯನ್ನು ತಿರುಗಿಸಿ ಅವನ ಕಿವಿಗೆ ಹಿಡಿದಳು. ಅವನು ಉಸಿರು ಬಿಗಿಹಿಡಿದು ಕೇಳಿದ. ತುಂಬ ಹೊತ್ತು ಕೇಳಿದ. ಎದುರಿನ ಬಸ್ ಸ್ಟ್ಯಾಂಡಿನಲ್ಲಿ ಕೊನೆಯ ಬಸ್ಸಿನ ಕಂಡಕ್ಟರು ನರಸಿಂಹರಾಜಪುರ ಎಂದು ಕೂಗಿದ್ದು ಆಕೆಗೆ ಕೇಳಿಸಿತು. ಉಳಿದುಕೋ ಎಂದು ಹೇಳಲು ಬಾಯಿ ಬರಲಿಲ್ಲ. ಹಿಂದೆ ಎಷ್ಟೋ ಸಲ ಹೇಳಿ ಸೋತಿದ್ದಳು.

ಬಸ್ಸು ಹೊರಟಿತು. ರೇಣುಕಪ್ಪ ಗಡಿಯಾರವನ್ನು ಕಿವಿಯಿಂದ ಇಳಿಸಿದ.

"ಅನ್ನಪೂರ್ಣ, ಬೆಳಿಗ್ಗೆ ತಿಂಡಿಗೆ ಎಂತ ಮಾಡ್ತೀ?"

ಅನ್ನಪೂರ್ಣಮ್ಮ ಭೂತಗನ್ನಡಿಯನ್ನು ಕಣ್ಣಿನಿಂದ ಕಿತ್ತು, ಮಂಜಯ್ಯನ ಸ್ಟೂಲಿನಿಂದ ಎದ್ದು, ಅಕ್ಕಿ ನೆನೆಹಾಕಲು ಒಳಗೆ ಹೋದಳು.